ಚೆನ್ನಿಗರಾಯನ ಒಳಗೇನಿತ್ತು?

‘ಗೃಹಭಂಗ’ ಓದಿ ಮುಗಿಸಿದವರು ಸಾಮಾನ್ಯವಾಗಿ ಕೇಳೋದು ಒಂದೇ ಮಾತು: ಇದೆಲ್ಲ ಭೈರಪ್ಪನವರ ಸ್ವಂತ ಕಥೆಯಂತೆ, ಹೌದಾ? ಕಾದಂಬರಿ ಬಂದದ್ದು 1970ರಲ್ಲಿ. 1996ರಲ್ಲಿ ಅವರ ಆತ್ಮಕಥೆ ‘ಭಿತ್ತಿ’ ಬಂದಮೇಲೆ ಉತ್ತರ ಸುಲಭವಾಯ್ತು. ಸಂತೇಶಿವರದ ಬಡ ಮನೆ, ಹೊಣೆಗೇಡಿ ಅಪ್ಪ, ತಾಯಿಯನ್ನೂ ಒಡಹುಟ್ಟಿದವರನ್ನೂ ಕೊಂಡೊಯ್ದ ಪ್ಲೇಗು. ಅಲ್ಲಿ ಗೌರಮ್ಮ, ಇಲ್ಲಿ ನಂಜಮ್ಮ. ಲೆಕ್ಕ ತಾಳೆಯಾಯ್ತು ಅಂತ ನಾವು ಪುಸ್ತಕ ಮುಚ್ಚಿಡ್ತೀವಿ.

ನನಗೆ ಪ್ರಶ್ನೆ ಶುರುವಾಗೋದೇ ಅಲ್ಲಿಂದ. ಸ್ವಂತ ನೋವನ್ನು ಬರೆಯೋನು ತನ್ನನ್ನೇ ನಾಯಕ ಮಾಡಿಕೊಳ್ಳೋದು ಸಹಜ. ಭೈರಪ್ಪ ಹಾಗೆ ಮಾಡಲಿಲ್ಲ. ಬದುಕುಳಿಯುವ ಹುಡುಗ ವಿಶ್ವ ಕಥೆಯ ಅಂಚಿನಲ್ಲೇ ಇರ್ತಾನೆ. ನಡುವೆ ಇರೋದು ನಂಜಮ್ಮನ ದುಡಿಮೆ: ಗಂಡ ಬರೆಯಲಾಗದ ಶಾನುಭೋಗಿಕೆಯ ಲೆಕ್ಕ ಬರೆಯೋದು, ಮುತ್ತುಗದ ಎಲೆ ಹಚ್ಚೋದು, ಮಕ್ಕಳ ಹೊಟ್ಟೆಗೆ ಹೊಂದಿಸೋದು. ಅವಳಿಗಾಗಿ ಲೇಖಕರು ಎಲ್ಲೂ ಗೋಳಾಡಲ್ಲ. ಅದಕ್ಕೇ ಅವಳು ಯಾರೋ ಒಬ್ಬರ ಅಮ್ಮನಾಗಿ ಉಳಿಯದೆ, ನಮ್ಮೆಲ್ಲರ ಮನೆಯಲ್ಲೂ ಇದ್ದವಳು ಅನಿಸ್ತಾಳೆ.

ಆದರೆ ಅವಳ ಗಂಡ ಚೆನ್ನಿಗರಾಯ? ಹೊಟ್ಟೆಬಾಕ, ಸೋಮಾರಿ, ಮಕ್ಕಳ ಕಷ್ಟ ತಾಕದವನು. ಗಂಗಮ್ಮನಂಥ ಬಾಯಿಬಡುಕಿ ತಾಯಿಯ ಕೈಯಲ್ಲಿ ಬೆಳೆದವನು ಅನ್ನೋ ಕಾರಣವೇನೋ ಸಿಗುತ್ತೆ. ಅವನ ಒಳಗೆ ಮಾತ್ರ ನಮಗೆ ಪ್ರವೇಶವಿಲ್ಲ. ಕೈಲಾಗದವನು ಅಂತ ಊರೆಲ್ಲ ನಗುವಾಗ, ಹೆಂಡತಿ ತನ್ನ ಕೆಲಸವನ್ನೂ ಮಾಡುವಾಗ, ಅವನಿಗೆ ಒಂದು ದಿನವೂ ನಾಚಿಕೆ ಆಗಲಿಲ್ವಾ? ಕಾದಂಬರಿ ಅಲ್ಲಿಗೆ ಹೋಗೋದೇ ಇಲ್ಲ.

ನಮ್ಮೂರಲ್ಲೂ ಇಂಥವರಿದ್ದರು. ಕಾಲೇಜಿನಲ್ಲಿ ಓದುವಾಗ ಅವರನ್ನೆಲ್ಲ ನೆನೆಸಿಕೊಂಡು ಚೆನ್ನಿಗರಾಯನಿಗೆ ಬೈದಿದ್ದೆ. ಮೊನ್ನೆ ಮತ್ತೆ ಓದಿದಾಗ ಬೈಗುಳ ಬರಲಿಲ್ಲ. ಇವನನ್ನು ನೋಡ್ತಿರೋ ಕಣ್ಣು ಹಸಿದ ಮಗನದು ಅನಿಸಿತು. ಆ ಕಣ್ಣಿಗೆ ಅಮ್ಮನ ಒಳಗು ಪೂರ್ತಿ ಕಾಣುತ್ತೆ, ಅಪ್ಪನ ಹೊಟ್ಟೆ ಮಾತ್ರ ಕಾಣುತ್ತೆ.

ಇದು ಕಾದಂಬರಿಯ ಕೊರತೆ ಅಂತಲೇ ನಾನು ಹೇಳೋದು. ಆದರೆ ಆ ಕೊರತೆಯನ್ನು ತುಂಬಿ ಅಂತ ಆ ಹುಡುಗನನ್ನು ಕೇಳೋ ಧೈರ್ಯ ನನಗಿಲ್ಲ. ಲೇಖಕನ ಬದುಕು ಪಾತ್ರಗಳಿಗೆ ಜೀವ ಕೊಡುತ್ತೆ ಅಂತೀವಿ. ಯಾವ ಪಾತ್ರಕ್ಕೆ ಎಷ್ಟು ಜೀವ ಅಂತ ಅಳೆದು ಕೊಡೋದೂ ಅದೇ ಬದುಕು.