ಏಳು ತಿಂಗಳ ಚಳಿ, ಕಾಫಿ ಗಿರಣಿಯ ಹಿಟ್ಟು

ನಾನು ಕಲಿತದ್ದು ಏಳನೇ ಇಯತ್ತೆ. ನನ್ನಂಥವನು ಇಂಗ್ಲಿಷ್ ಪುಸ್ತಕದ ಬಗ್ಗೆ ಬರೀತಾನಂದ್ರ ಕೆಲವರು ನಕ್ಕಾರು, ನಗಲಿ. ಹೋದ ಚಳಿಗಾಲದಾಗ ನಮ್ಮ ವಾಚನಾಲಯದೊಳಗ ಸಾಲಿ ಗುರುಗಳು ಹದಿನಾರು ಸಂಜೆ ಕುಂತು ‘ದಿ ಲಾಂಗ್ ವಿಂಟರ್’ ಅನ್ನುವ ಅಮೇರಿಕದ ಪುಸ್ತಕವನ್ನ ಒಂದೊಂದು ಹಾಳಿ ಓದಿ ಕನ್ನಡದಾಗ ಹೇಳಿದರು. ರಾತ್ರಿ ಪಾಳಿಯ ಲೈಟು ಬಂದು ಬೋರು ಚಾಲೂ ಮಾಡಬೇಕಾದ ಎರಡು ದಿನ ಬಿಟ್ಟರ ಎಲ್ಲಾ ದಿನ ಹೋಗೀನಿ. ಪದಾ ಹಾಡೋ ಮಂದಿ ಕೇಳಿ ಕಲಿತವರು. ಕೇಳಿದ್ದನ್ನ ತೂಗಿ ನೋಡೋದು ನಮಗ ಅಷ್ಟಿಷ್ಟು ಬರತೈತಿ.

ಬರೆದಾಕಿ ಲಾರಾ ಇಂಗಲ್ಸ್ ವೈಲ್ಡರ್. 1867ರಲ್ಲಿ ಹುಟ್ಟಿದಾಕಿ, ಪುಸ್ತಕ ಅಚ್ಚಾದದ್ದು 1940ರಲ್ಲಿ. ಅಂದ್ರ ಹುಡುಗಿ ಇದ್ದಾಗ ಕಂಡದ್ದನ್ನ ಮುದುಕಿ ಆದ ಮೇಲೆ ಬರದಾಳ. 1862ರಲ್ಲಿ ಅಲ್ಲಿಯ ಸರ್ಕಾರ ಒಂದು ಕಾಯ್ದೆ ಮಾಡಿತ್ತು: 160 ಎಕರೆ ಭೂಮಿ ಹಿಡಿ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡು, ಭೂಮಿ ನಿನ್ನದು. ಆ ಆಸೆಗೆ ಲಾರಾನ ಅಪ್ಪ ಹೆಂಡತಿ ಮತ್ತು ನಾಲ್ಕು ಹೆಣ್ಣುಮಕ್ಕಳನ್ನ ಕಟಗೊಂಡು ಡಾಕೋಟಾ ಅನ್ನುವ ಬಯಲುಸೀಮೆಗೆ ಬಂದ. ಊರಿನ ಹೆಸರು ಡಿ ಸ್ಮೆಟ್. ಊರು ಅಂದ್ರ ಏನು, ಒಂದು ಬೀದಿ, ನಾಕು ಅಂಗಡಿ, ಒಂದು ರೈಲು ಠೇಸನ. 1880ರ ಅಕ್ಟೋಬರದಾಗೇ ಹಿಮದ ಬಿರುಗಾಳಿ ಬಂತು. ಜನವರಿಗೆ ರೈಲು ನಿಂತಿತು, ಮತ್ತ ಬಂದದ್ದು ಮೇ ತಿಂಗಳಿಗೆ. ಕಲ್ಲಿದ್ದಲು ತೀರಿತು, ಚಿಮಣಿ ಎಣ್ಣಿ ತೀರಿತು, ಹಿಟ್ಟು ತೀರಿತು. ಕಥೀ ಇಷ್ಟ.

ಇಷ್ಟ ಅಂದೆ, ಆದ್ರ ಈ ಇಷ್ಟರೊಳಗ ಆಕಿ ಕೈಕೆಲಸ ಹೇಳುವ ರೀತಿ ಐತೆಲ್ಲ, ಅದಕ್ಕ ನಾನು ಕೈ ಮುಗಿದೆ. ಉರುವಲ ಇಲ್ಲದಾಗ ಅಪ್ಪ ಮಗಳು ಕುಂತು ಒಣಹುಲ್ಲನ್ನ ಹಿಂಡಿ ತಿರುವಿ ಕಟಗಿಯಂಗ ಬಿಗಿ ಮಾಡತಾರ. ನಾವು ಪುಂಡಿನಾರು ಹೊಸೆದಂಗ. ಅದು ಒಲಿಯಾಗ ಹಾಕಿದ ಗಳಿಗಿಗೆ ಉರಿದು ಹೋಗತೈತಿ, ಮತ್ತ ಹೊಸೀಬೇಕು. ದಿನಾ ಪೂರ್ತಿ ಅದೇ ಕೆಲಸ. ಹುಲ್ಲಿನ ಅಲಗಿಗೆ ಅಂಗೈ ಕೊಯ್ಯುವುದನ್ನ ಗುರುಗಳು ಓದಿದಾಗ ಮುಂದ ಕುಂತಿದ್ದ ಹೆಣ್ಣಮಕ್ಕಳು ತಮ್ಮ ಅಂಗೈ ನೋಡಿಕೊಂಡರು. ಎಣ್ಣಿ ಇಲ್ಲದಾಗ ತಾಯಿ ಒಂದು ಗುಂಡಿಗೆ ಅರಿವೆ ಸುತ್ತಿ, ಗಾಡಿಯ ಕೀಲೆಣ್ಣಿಯೊಳಗ ಇಟ್ಟು ದೀಪ ಹಚ್ಚತಾಳ. ಗೋದಿಯನ್ನ ಕಾಫಿ ಬೀಜ ಪುಡಿ ಮಾಡುವ ಕೈಗಿರಣಿಯೊಳಗ ಹಾಕಿ ಒಬ್ಬರಾದ ಮೇಲೆ ಒಬ್ಬರು ತಿರುವತಾರ. ಅಂಗೈಯಷ್ಟು ಗಿರಣಿ, ಆರು ಹೊಟ್ಟಿ. ಕಣ್ಣಿಲ್ಲದ ಹಿರೀ ಮಗಳು ಮೇರಿ ಕುಂತಲ್ಲೇ ಕುಂತು ತಿರುವಿದ್ದೇ ತಿರುವಿದ್ದು.

ನಮ್ಮ ಕಡೆ ಬೀಸೂಕಲ್ಲಿನ ಮುಂದ ಕುಂತ ಹೆಣ್ಣುಮಗಳು ತವರಮನಿ, ಅತ್ತಿಮನಿ, ಎಲ್ಲಾ ಹಾಡಿ ಮುಗಸತಾಳ. ಕಲ್ಲಿನ ಭಾರ ಹಾಡು ಎಳೀತೈತಿ. ಇಲ್ಲಿ ಗಿರಣಿ ತಿರುಗುವಾಗ ಒಂದು ಬೀಸೂ ಪದ ನನ್ನ ಕಿವಿಗೆ ಬೀಳಲಿಲ್ಲ. ಆ ಮನಿಯೊಳಗ ಹಾಡು ಇಲ್ಲಂತಲ್ಲ. ಅಪ್ಪನ ಕಡೆ ಪಿಟೀಲು ಐತಿ. ಎಲ್ಲಿ ಹೋದರೂ ಗಾಡಿಯೊಳಗ ಮೊದಲ ಏರೂದು ಅದ. ಆದ್ರ ಆ ಚಳಿಯೊಳಗ ಹುಲ್ಲು ಹೇರಿ ಹೇರಿ ಬೆರಳು ಬಾತು ಬಿರುಸಾಗಿ, ಒಂದು ರಾತ್ರಿ ಪಿಟೀಲು ತಗೊಂಡವನು ಬಾರಿಸಲಿಕ್ಕೆ ಆಗದ ಹಂಗ ಪೆಟ್ಟಿಗಿಯೊಳಗ ಇಡತಾನ. ಇಡೀ ಪುಸ್ತಕದಾಗ ನನಗ ಹೊಟ್ಟಿಯೊಳಗ ಕಲಸಿದಂಗ ಆಗಿದ್ದು ಅಲ್ಲಿ. ಹಸಿವಿನ ಮಾತು ಅಷ್ಟು ತಟ್ಟಲಿಲ್ಲ. ಡಪ್ಪು ಹಿಡಿದವರಿಗೆ ಇದು ಗೊತ್ತಾಗತೈತಿ. ನನಗೂ ಈಗ ಚಳಿ ದಿನದಾಗ ಎಡಗೈ ಎರಡು ಬೆರಳು ಮಡಚೂದಿಲ್ಲ.

ಇನ್ನು ತಕರಾರಿಗೆ ಬರತೇನಿ. ನಮ್ಮ ಲಾವಣಿಯೊಳಗ ಹರದೇಶಿ ನಾಗೇಶಿ ಅಂತ ಎರಡು ಪಕ್ಷ ಇರೂದು ಎಲ್ಲಾರಿಗೂ ಗೊತ್ತು. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡಿದರ, ನಾಗೇಶಿಯವರು ಎದ್ದು ನಿಂತು ಹೆಣ್ಣು ಹೆಚ್ಚು ಅಂತ ಉತ್ತರ ಕೊಡಲಿಕ್ಕೇ ಬೇಕು. ಉತ್ತರ ಬರದಿದ್ದರ ಮಂದಿ ಎದ್ದು ಹೋಗತಾರ. ಈ ಪುಸ್ತಕ ಬರೆದಾಕಿ ಹೆಣ್ಣು, ಆದ್ರ ಹಾಡಿದ್ದು ಮುಕ್ಕಾಲು ಹರದೇಶಿ. ಅಪ್ಪ ಬಿರುಗಾಳಿಗೆ ಮುಷ್ಟಿ ತೋರಿಸಿ ಕೂಗತಾನ, ಅದನ್ನ ಆಕಿ ಅಭಿಮಾನದಿಂದ ಬರದಾಳ. ಆದ್ರ ಈ ಬಯಲಿಗೆ ಸಂಸಾರ ಎಳಕೊಂಡು ಬಂದವನು ಯಾರು? ಅವ್ವಗ ಬೇಕಾಗಿತ್ತೋ ಇಲ್ಲೋ? ಇನ್ನು ಮುಂದ ಹೋಗೂದಿಲ್ಲ, ಹುಡುಗ್ಯಾರು ಸಾಲಿ ಕಲೀಬೇಕು ಅಂತ ಆ ತಾಯಿ ಗಂಡನ ಕಡೆ ಮಾತು ತಗೊಂಡಿದ್ದಳಂತ, ಅದು ಹಿಂದಿನ ಪುಸ್ತಕದಾಗ ಐತಿ ಅಂತ ಗುರುಗಳು ಹೇಳಿದರು. ಇಲ್ಲಿ ಒಂದೇ ಒಂದು ಸಲ ಆಕಿ ಎದುರು ನಿಲ್ಲತಾಳ. ಊರಿಂದ ದೂರ ಯಾರೋ ಒಬ್ಬ ರೈತನ ಕಡೆ ಗೋದಿ ಐತಂತ ಸುದ್ದಿ ಬಂದಾಗ, ನಾ ಹೋಗಿ ತರತೇನಿ ಅಂತಾನ ಗಂಡ. ಆಕಿ ಬ್ಯಾಡ ಅಂದ್ರ ಬ್ಯಾಡ ಅಂತಾಳ. ಆತ ಸುಮ್ಮನಾಗತಾನ. ನಾಗೇಶಿಯ ಆ ಒಂದು ನುಡಿ ಎಷ್ಟು ಗಟ್ಟಿ ಬಂದೈತಿ ಅಂದ್ರ, ಇನ್ನಷ್ಟು ಯಾಕ ಹಾಡಲಿಲ್ಲ ಅಂತ ಸಿಟ್ಟು ಬರತೈತಿ.

ಹೋಗಿ ತಂದವರು ಇಬ್ಬರು ಹುಡುಗರು, ಆಲ್ಮಂಜೋ ಮತ್ತು ಕ್ಯಾಪ್. ಆಲ್ಮಂಜೋ ಮುಂದ ಲಾರಾನ ಗಂಡ ಆಗತಾನ. ಅವನ ಕಡೆ ಗೋದಿ ಇರಲಿಲ್ಲಂತಲ್ಲ. ಬಿತ್ತೂ ಬೀಜದ ಗೋದಿಯನ್ನ ಸುಳ್ಳು ಗ್ವಾಡಿ ಕಟ್ಟಿ ಅದರ ಹಿಂದ ಮುಚ್ಚಿಟ್ಟಿದ್ದ. ವಾಚನಾಲಯದಾಗ ಇದರ ಮೇಲೆ ದೊಡ್ಡ ಜಗಳ ಆತು. ಊರು ಉಪಾಸ ಬಿದ್ದಾಗ ಮುಚ್ಚಿಡೂದು ಪಾಪ ಅಂದರು ಕೆಲವರು. ನಾನು ಅವನ ಕಡೆ ನಿಂತೆ. ಹಗೇವಿನ ಬೀಜದ ಜೋಳ ತಿಂದವರ ಮನಿಯೊಳಗ ಬೆಳೆದವನು ನಾನು. ಮರುವರ್ಷ ಮಳಿ ಬಂದಾಗ ಕೂರಿಗಿ ಹಿಡಿದು ಬರಿಗೈಲೆ ನಿಂತ ಅಪ್ಪನ್ನ ನೋಡೀನಿ. ಆ ಹುಡುಗ ಬೀಜ ಉಳಿಸಲಿಕ್ಕೆ ಜೀವದ ಮೇಲೆ ಹೋಗಿ ಬ್ಯಾರೆ ಗೋದಿ ತಂದ, ಊರಿಗೆ ಕೊಟ್ಟ. ಅಂಗಡಿಯವನು ಒಂದೂಕಾಲು ಡಾಲರಿಗೆ ಕೊಂಡ ಗೋದಿಯನ್ನ ಮೂರು ಡಾಲರಿಗೆ ಮಾರಲಿಕ್ಕೆ ನಿಂತಾಗ ಊರವರು ಹೋಗಿ, ಈ ಚಳಿ ಮುಗಿದ ಮೇಲೂ ನೀ ಇಲ್ಲೇ ವ್ಯಾಪಾರ ಮಾಡಬೇಕಲ್ಲ ಅಂತ ತಿಳಿಸಿ ಹೇಳತಾರ, ಆತ ಕೊಂಡ ದರಕ್ಕ ಕೊಡತಾನ. ಆ ಭಾಗ ಗುರುಗಳು ಎರಡು ಸಲ ಓದಬೇಕಾತು.

ಒಂದು ಮಾತು ಮಾತ್ರ ಗಂಟಲದಾಗ ಸಿಕ್ಕೊಂಡೈತಿ. ಆಲ್ಮಂಜೋ ಮತ್ತು ಅವನ ಅಣ್ಣನ ಬಿಡಾರದಾಗ ಬಿಸಿ ದೋಸಿ, ಮಾಂಸ, ಕಾಕಂಬಿ ಇರತಾವು. ಅಪ್ಪ ಅಲ್ಲಿ ಹೋದಾಗ ಕುಂತು ತಿಂತಾನ. ಮನಿಯೊಳಗ ಮಕ್ಕಳು ಕಾಫಿ ಗಿರಣಿ ಹಿಟ್ಟಿನ ರೊಟ್ಟಿ ಕಡೀತಿರತಾರ. ಲಾರಾ ಇದನ್ನ ಮುಚ್ಚಿಡಲಿಲ್ಲ, ಆದ್ರ ಅದರ ಮೇಲೆ ಒಂದು ಮಾತೂ ಆಡಲಿಲ್ಲ. ಅಪ್ಪಂದಿರ ಬಗ್ಗೆ ಬರೀಬೇಕಾದರ ಎಲ್ಲಾರ ಕೈ ಅಲ್ಲೇ ನಿಲ್ಲತೈತಿ ಅಂತ ಕಾಣತೈತಿ.

ಇನ್ನೊಂದು. ಚಳಿ ಬೀಳೂಕಿಂತ ಮೊದಲ ಒಬ್ಬ ಮೂಲನಿವಾಸಿ ಮುದುಕ ಅಂಗಡಿಗೆ ಬಂದು, ಈ ಸಲ ಏಳು ತಿಂಗಳ ಹಿಮ ಅಂತ ಹೇಳಿ ಹೋಗತಾನ. ನಮ್ಮ ಜಾತ್ರಿಯೊಳಗ ಮಳಿ ಬೆಳಿ ನುಡಿ ಹೇಳಿದಂಗ. ಅವನ ನುಡಿ ಖರೇ ಆತು. ಆದ್ರ ಅವನ ಬಾಯಿಗೆ ಹರಕು ಮುರುಕು ಭಾಷಾ ಹಾಕ್ಯಾಳ ಲೇಖಕಿ, ಮುಂದ ಪುಸ್ತಕದಾಗ ಆತ ಕಾಣೂದೇ ಇಲ್ಲ. ಆ ನೆಲದ ಹೆಸರು ಡಾಕೋಟಾ ಅಂದ್ರ ಅವನ ಮಂದಿಯ ಹೆಸರು. 160 ಎಕರೆ ಯಾರದು, ಯಾರಿಗೆ ಕೊಟ್ಟರು, ಆ ಮುದುಕ ಆ ಏಳು ತಿಂಗಳು ಎಲ್ಲಿ ಕಳೆದ? ಅಮೇರಿಕದವರಿಗೇ ಇದು ಚುಚ್ಚಿರಬೇಕು. ಈ ಲೇಖಕಿಯ ಹೆಸರಿನಾಗ ಮಕ್ಕಳ ಪುಸ್ತಕಕ್ಕ ಕೊಡತಿದ್ದ ದೊಡ್ಡ ಪ್ರಶಸ್ತಿಯ ಹೆಸರನ್ನ 2018ರಲ್ಲಿ ಬದಲಿ ಮಾಡಿದರು ಅಂತ ಗುರುಗಳು ಹೇಳಿದರು.

ಕಡೀ ದಿನ ಗುರುಗಳು ಒಂದು ಸುದ್ದಿ ಹೇಳಿದರು. ಲಾರಾ ಮೊದಲ ಬರೆದಿಟ್ಟ ಜೀವನಚರಿತ್ರೆ, ‘ಪಯೋನಿಯರ್ ಗರ್ಲ್’ ಅಂತ, 2014ರಲ್ಲಿ ಅಚ್ಚಾತು. ಅದರ ಪ್ರಕಾರ ಆ ಚಳಿಯೊಳಗ ಆ ಮನಿಯಾಗ ಇನ್ನೊಂದು ಗಂಡ ಹೆಂಡತಿ ಇದ್ದರು, ಅವರಿಗೆ ಅಲ್ಲೇ ಕೂಸು ಹುಟ್ಟಿತು. ಆ ಗಂಡಸು ಕೆಲಸಕ್ಕ ಕೈ ಹಚ್ಚತಿರಲಿಲ್ಲ ಅಂತ ಲಾರಾಗ ಸಿಟ್ಟು. ಕಥೀ ಪುಸ್ತಕದಾಗ ಅವರನ್ನ ಪೂರ್ತಿ ತೆಗೆದು ಒಗೆದಾಳ. ಆಕಿಗೊಬ್ಬ ತಮ್ಮನೂ ಇದ್ದ, ಒಂಬತ್ತು ತಿಂಗಳದಾಗ ಸತ್ತ. ಅವನೂ ಆಕಿಯ ಕಥೀಗಳೊಳಗ ಇಲ್ಲ. ಸುಳ್ಳಿ ಅಂತ ಒಬ್ಬ ಹುಡುಗ ಹಿಂದಿನಿಂದ ಒದರಿದ. ನಾನು ಮಾತಾಡಲಿಲ್ಲ.

1972ರ ಬರಗಾಲದ ಮೇಲೆ ನಾನೊಂದು ಪದ ಕಟ್ಟೀನಿ. ಜತ್ತ ತಾಲೂಕಿನ ಎಷ್ಟೋ ಜಾತ್ರಿಯೊಳಗ ಹಾಡೀನಿ, ನಿಮ್ಮೊಳಗೂ ಕೇಳಿದವರು ಇದ್ದೀರಿ. ಅದರಾಗ ಖಡಿ ಒಡೆದದ್ದು ಐತಿ, ಸುಕಡಿ ತಿಂದದ್ದು ಐತಿ, ಅಮೇರಿಕದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ಐತಿ. ದೀಪಾವಳಿ ಮುಗಿದ ಮೇಲೆ ಅಪ್ಪ ನಮ್ಮನ್ನೆಲ್ಲ ಕೃಷ್ಣಾ ತೀರದ ಕಬ್ಬು ಕಡಿಯೂ ಟೋಳಿಗೆ ಕರಕೊಂಡು ಹೋದದ್ದು ಐತಿ. ನನಗಾಗ ಹದಿನಾಲ್ಕು, ಲಾರಾನ ಆ ಚಳಿಗಾಲದ ವಯಸ್ಸು. ನನ್ನ ಸಾಲಿ ಅಲ್ಲಿಗೇ ನಿಂತಿತು. ರವದಿ ಹೊಚ್ಚಿದ ಗುಡಿಸಲು, ಬೆಳಗಿನ ಜಾವ ಹೊಳಿಯಿಂದ ಏಳೂ ಮಂಜು, ಕತ್ತಲದಾಗ ಗಾಡಿ ಹೇರೂದು, ಎಲ್ಲಾ ಆ ಪದದಾಗ ಐತಿ. ಅಪ್ಪನ ಕೋಯ್ತಾ ಬೀಸಿದ್ದನ್ನ ನಾಕು ನುಡಿ ಹಾಡೀನಿ.

ಆದ್ರ ಅವ್ವ ಅದರಾಗ ಇಲ್ಲ. ಮೂರು ತಿಂಗಳ ಕೂಸು ತಗೊಂಡು ಬಯಲಾಗ ಹೆಂಗ ಇರಲಿ, ನಾ ಇಲ್ಲೇ ಉಳೀತೇನಿ ಅಂತ ಆಕಿ ಹೊಸ್ತಿಲ ಮೇಲೆ ಕುಂತಿದ್ದಳು. ಗಂಡ ಹೆಂಡತಿ ಕೂಡಿದರ ಒಂದು ಕೋಯ್ತಾ ಅಂತ ಮುಕಾದಮ ಲೆಕ್ಕ ಹಿಡಿಯೂದು, ಆಕಿ ಉಳಿದರ ಉಚಲು ಸಿಗೂದಿಲ್ಲ. ಹೋದಳು. ಕೆಮ್ಮು ಬಂದು ಕೂಸು ಆ ಗುಡಿಸಲದಾಗೇ ಹೋತು. ಐವತ್ತು ವರ್ಷ ಆ ಪದ ಹಾಡೀನಿ, ನಾನೂ ಬಿಟ್ಟೇ ಹಾಡೀನಿ. ಅಪ್ಪ ಮುಂದ ಕುಂತು ಕೇಳತಿದ್ದ, ಅವನ ಎದುರಿಗೆ ಹೆಂಗ ಹಾಡಲಿ? ಅವ್ವನೂ ಕೇಳತಿದ್ದಳು, ಅದು ಬ್ಯಾರೆ ಮಾತು. ಈಗ ಇಬ್ಬರೂ ಇಲ್ಲ. ಅದಕ್ಕ ಲಾರಾನ್ನ ನಾನು ಸುಳ್ಳಿ ಅನ್ನೂದಿಲ್ಲ, ಪುಸ್ತಕ ಪೂರ್ತಿ ಐತಿ ಅಂತಲೂ ಅನ್ನೂದಿಲ್ಲ.

ಈ ವರ್ಷ ನಮ್ಮ ಕಡೆ ಮಳಿ ನೀವು ನೋಡೀರಿ. ನನ್ನ ಸಣ್ಣ ಮಗ ಟೋಳಿಯ ಉಚಲು ತಂದು ಟ್ರಂಕಿನ್ಯಾಗ ಇಟ್ಟಾನ. ಹೆಂಡತಿ ಮತ್ತು ಎರಡು ಮಕ್ಕಳನ್ನ ಕಟಗೊಂಡು ಹೋಗಬೇಕಂತ ಅವನ ವಿಚಾರ. ಹಿರೀ ಮೊಮ್ಮಗಳು ಆರನೇ ಇಯತ್ತೆ. ಪುಸ್ತಕ ಮುಗಿದ ರಾತ್ರಿ ಮನಿಗೆ ಬಂದು, ಊಟಕ್ಕ ಕುಂತಾಗ ಮಗನ ಎದುರಿಗೇ ಸೊಸಿಯನ್ನ ಕೇಳಿದೆ, ನಿನ್ನ ಮನಸಿನಾಗ ಏನೈತಿ ಹೇಳವಾ ಅಂತ. ಆಕಿ ರೊಟ್ಟಿ ಬಡಿಯೂದು ನಿಲ್ಲಿಸಿ, “ಎರಡು ದಿನ ಟೈಮ್ ಕೊಡ್ರಿ ಮಾವಾರ” ಅಂದಳು. ಇವತ್ತಿಗೆ ಎರಡನೇ ದಿನ.