ಹೆಳವ ಓದಿದ ಐದು ಸಾಲು

ಸುಗ್ಗಿ ಮುಗಿದು ಬಿಳಿಜೋಳ ಮನೆ ಸೇರಿದ ಮೇಲೆ ನಮ್ಮ ಓಣಿಗೆ ಹೆಳವ ಬರುತ್ತಾನೆ. ನಸುಕಿನಲ್ಲಿ ಗಂಟೆ ಬಾರಿಸಿ, ಹೊಸ್ತಿಲ ಮುಂದೆ ನಿಂತು ಮನೆತನದ ಪೀಳಿಗೆ ಓದುತ್ತಾನೆ. ಹೆಳವ ಎಂದರೆ ಕಾಲಿಲ್ಲದವ. ಅಂಥ ಒಬ್ಬನಿಗೆ ಬಸವಣ್ಣ ಎತ್ತು, ಗಂಟೆ ಕೊಟ್ಟು ಈ ಕಾಯಕಕ್ಕೆ ಹಚ್ಚಿದ ಎಂಬುದು ಅವರ ಕುಲದ ಕಥೆ. ನಮ್ಮದು ನರಗುಂದದ ಹಾಲುಮತದ ಮನೆ. ಶಾಸನದಲ್ಲಿ, ಬಖೈರಿನಲ್ಲಿ ಹುಡುಕಿದರೆ ಸಿಗುವ ಮನೆತನವಲ್ಲ. ಹೆಳವ ಓದಿದ್ದರಲ್ಲಿ ಐದು ಸಾಲು ಇಲ್ಲಿವೆ. ಮನೆಯವರ ಹೆಸರುಗಳನ್ನು ಬಿಟ್ಟಿದ್ದೇನೆ.

“ಬನ್ನಿ ಬೆಡಗ, ಬೀರದೇವರ ಒಕ್ಕಲ.”

ಬೆಡಗು ಎಂದರೆ ಕುಲದೊಳಗಿನ ಬಳ್ಳಿ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಬೀಗತನದ ಮಾತು ಎತ್ತಿದಾಗ ಹಿರಿಯರು ಮೊದಲು ಕೇಳುವುದು ಇದನ್ನೇ. ಬೆಡಗಿನ ಹೆಸರಿನ ಗಿಡಕ್ಕೆ ಕೊಡಲಿ ಹಾಕಬಾರದು. ನಮ್ಮವ್ವ ಬನ್ನಿ ಕಟ್ಟಿಗೆಯನ್ನು ಒಲೆಗೆ ಹಾಕಿದ್ದು ನಾನು ಕಂಡಿಲ್ಲ. ಹೊರೆಯಲ್ಲಿ ಒಂದು ತುಂಡು ಬಂದರೂ ಎತ್ತಿ ಹಿತ್ತಲ ಗೋಡೆಗೆ ಆನಿಸಿಡುತ್ತಾಳೆ. ಬಳ್ಳಿಗೆ ಮೂಲಪುರುಷ ಇದ್ದನೋ ಇಲ್ಲವೋ, ಈ ನೇಮ ಮಾತ್ರ ತಪ್ಪಿಲ್ಲ.

“ಮೂಲ ಬದಾಮಿ ಸೀಮಿ. ಹೊಳಿ ದಾಟಿ ಕೊಣ್ಣೂರಾಗ ಎಲ್ಡ ತಲಿ.”

ಹೊಳೆ ಎಂದರೆ ಮಲಪ್ರಭೆ. ತಲಿ ಎಂದರೆ ತಲೆಮಾರು. ಬದಾಮಿ ಎಂದ ಕೂಡಲೇ ನಮ್ಮ ದೊಡ್ಡಪ್ಪ ಚಾಲುಕ್ಯರನ್ನು ಎಳೆದು ತರುತ್ತಾರೆ. ಸಾಲಿನಲ್ಲಿರುವುದು ಬರೀ ಸೀಮೆ. ಕುರಿ ಕಾಯುವವರು ಮೇವು ಕಂಡ ಕಡೆ ಹೋಗುತ್ತಾರೆ, ಹೊಳೆ ದಾಟುವುದಕ್ಕೆ ಅಷ್ಟು ಸಾಕು.

“ಬಾಬಾಸಾಹೇಬನ ಗದ್ದಲದಾಗ ಒಬ್ಬ ತಮ್ಮ. ಹ್ವಾದಾಂವ ಬರಲಿಲ್ಲ.”

ಇಲ್ಲಿ ತುಸು ನಿಲ್ಲಬೇಕು. ಬಾಬಾಸಾಹೇಬ ನರಗುಂದದ ದೊರೆ ಭಾಸ್ಕರರಾವ್ ಭಾವೆ. ಮಗನಿಲ್ಲದ ಅವನಿಗೆ ದತ್ತಕ ತೆಗೆದುಕೊಳ್ಳಲು ಕಂಪನಿ ಸರ್ಕಾರ ಒಪ್ಪಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದ. ಅದರ ಬೆನ್ನಿಗೇ ಕೋಟೆ ಬಿತ್ತು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ದೊರೆಯ ವಂಶ ಎಲ್ಲಿಗೆ ನಿಂತಿತೆಂದು ಇತಿಹಾಸದ ಪುಸ್ತಕಗಳಲ್ಲಿದೆ. ನಮ್ಮ ತಮ್ಮನ ಪಾಲಿಗೆ ಇರುವುದು ಹೆಳವನ ಈ ಎರಡು ಮಾತು.

ಮನೆಯಲ್ಲಿ ಅವನನ್ನು ಕೋಟೆಬಾಗಿಲಲ್ಲಿ ಮಡಿದ ವೀರ ಎನ್ನುತ್ತಾರೆ. ಹೌದೋ ಅಲ್ಲವೋ ಎಂದು ಹೆಳವನನ್ನು ಬಿಡದೆ ಕೇಳಿದೆ. “ನಮ್ಮ ಮುತ್ಯಾ ಬರದದ್ದ ಇಷ್ಟರೀ ಯಪ್ಪಾ. ಸತ್ತಾ ಅಂತ ಇಲ್ಲ, ಬಂದಾ ಅಂತ ಇಲ್ಲ” ಎಂದ. ಮನೆಯವರಿಗೆ ಹಿತವಾಗುವ ಒಂದು ಮಾತು ಸೇರಿಸಿದ್ದರೆ ದೊಡ್ಡಪ್ಪ ಒಂದು ಚೀಲ ಜೋಳವನ್ನೇ ಕೊಟ್ಟುಬಿಡುತ್ತಿದ್ದರು. ಅವನು ಸೇರಿಸಲಿಲ್ಲ. ಉಳಿದ ಪೀಳಿಗೆಯನ್ನು ನಾನು ನಂಬುವುದು ಈ ಸಾಲನ್ನು ನೆಚ್ಚಿ.

“ಧಾತು ಬರದಾಗ ಕುರಿ ಕಳಕೊಂಡು ನರಗುಂದ ಸೇರಿದ್ರು.”

ಧಾತು ಸಂವತ್ಸರ 1876–77. ದಖ್ಖನ್ನಿನಿಂದ ಮೈಸೂರು, ಮದ್ರಾಸ್ ಸೀಮೆಯವರೆಗೆ ಜನ, ದನ ಎರಡನ್ನೂ ತಿಂದ ಬರ. ತಮ್ಮ ಬಂದಾನೆಂದು ದಾರಿ ಕಾಯ್ದವರೇ ಹದಿನೆಂಟು ವರ್ಷದ ಮೇಲೆ ಕೊಣ್ಣೂರು ಬಿಟ್ಟಿರಬೇಕು.

“ಈ ಹೊಸ್ತಲಕ್ಕ ಗಂಡಸ ಮಕ್ಕಳು ಇಬ್ರು.”

ಮನೆಯಲ್ಲಿ ಮಕ್ಕಳು ಮೂವರು. ಹುಡುಗಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ನಮ್ಮ ಪೀಳಿಗೆಯಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇಲ್ಲ. ಬರದೇ ಹೋದ ತಮ್ಮನಿಗೆ ಸಿಕ್ಕ ಜಾಗ ಅವರಿಗೆ ಸಿಕ್ಕಿಲ್ಲ. ನಮ್ಮವ್ವ ಮೊರದ ತುಂಬ ಜೋಳ ಹಿಡಿದು ಹೊರಗೆ ಬಂದವಳು, ಸುರಿಯದೆ ಹಾಗೇ ನಿಂತು, “ಆಕಿ ಹೆಸರೂ ಬರಕೊಳ್ಳಪಾ” ಎಂದಳು. ಹೆಳವ ವಹಿ ತೆರೆದ. ಹುಡುಗರಿಬ್ಬರ ಹೆಸರಿನ ಕೆಳಗೆ ಜಾಗ ನೋಡಿದ. ಆಮೇಲೆ ಅವಳನ್ನೇ ಹತ್ತಿರ ಕರೆದು ಹೆಸರು ಕೇಳಿದ. ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.