ರಾವಣನ ಪಶ್ಚಾತ್ತಾಪ: ನಾಗಚಂದ್ರನ ದೃಷ್ಟಿ ಮತ್ತು ಒಂದು ಪ್ರಶ್ನೆ

ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ‘ಕುರುಕ್ಷೇತ್ರ’ ನಾಟಕವನ್ನು ಆಡುವುದುಂಟು. ಅದರಲ್ಲಿ ದುರ್ಯೋಧನನ ಪಾತ್ರಕ್ಕೆ ವಿಶೇಷ ಬೇಡಿಕೆ. ಅವನನ್ನು ದುರುಳನೆಂದು ಜರೆಯುವವರೇ ರಂಗದ ಮೇಲೆ ಅವನ ಛಲದ ಮಾತಿಗೆ ತಲೆದೂಗುತ್ತಾರೆ. ಕಥೆಯನ್ನು ಯಾರ ಪಕ್ಕದಲ್ಲಿ ನಿಂತು ನೋಡುತ್ತೇವೆಯೋ ಅವರ ಗುಣ ನಮಗೆ ಮೊದಲು ಕಾಣುತ್ತದೆ. ಕನ್ನಡದ ಜೈನಕವಿಗಳು ಇದನ್ನು ಬಹು ಹಿಂದೆಯೇ ಅರಿತಿದ್ದರು. ರನ್ನನ ದುರ್ಯೋಧನ ಮತ್ತು ನಾಗಚಂದ್ರನ ರಾವಣ ಇದಕ್ಕೆ ಸಾಕ್ಷಿ.

ಅಭಿನವ ಪಂಪನೆಂದು ಖ್ಯಾತನಾದ ನಾಗಚಂದ್ರನು ‘ರಾಮಚಂದ್ರಚರಿತಪುರಾಣ’ದಲ್ಲಿ ವಿಮಲಸೂರಿ, ರವಿಷೇಣಾಚಾರ್ಯರ ಪರಂಪರೆಯನ್ನು ಅನುಸರಿಸಿದ್ದಾನೆ. ಈ ಪರಂಪರೆಯಲ್ಲಿ ರಾವಣನು ಹತ್ತು ತಲೆಯ ರಕ್ಕಸನಲ್ಲ. ವಿದ್ಯಾಧರ ವಂಶದ ಅರಸು, ಜಿನಭಕ್ತ, 63 ಶಲಾಕಾಪುರುಷರಲ್ಲಿ ಒಬ್ಬನಾದ ಪ್ರತಿವಾಸುದೇವ. ತನ್ನನ್ನು ಬಯಸಿದ ಉಪರಂಭೆಗೆ ಬುದ್ಧಿ ಹೇಳಿ ಪತಿಯ ಬಳಿಗೆ ಕಳುಹಿಸಿದವನು. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ಅನಂತವೀರ್ಯ ಕೇವಲಿಗಳ ಸನ್ನಿಧಿಯಲ್ಲಿ ವ್ರತ ತೊಟ್ಟವನು. ಅಂಥವನು ಸೀತೆಯನ್ನು ಕಂಡು ಮನಸೋತು ಅಪಹರಿಸಿದನು. ಕವಿಯು ಈ ದೋಷವನ್ನು ಮರೆಮಾಚುವುದಿಲ್ಲ. ಅದಕ್ಕಾಗಿ ಉಳಿದ ಗುಣಗಳನ್ನು ಅಳಿಸಿಹಾಕುವುದೂ ಇಲ್ಲ. ಜಮೆ, ಖರ್ಚು ಎರಡನ್ನೂ ಬರೆದಾಗಲೇ ಲೆಕ್ಕದ ಪುಸ್ತಕ ನಂಬಿಕೆಗೆ ಅರ್ಹವಾಗುತ್ತದೆ.

ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ದುರಂತನಾಯಕನನ್ನು ಗುರುತಿಸಿ, ಗ್ರೀಕ್ ರುದ್ರನಾಟಕಗಳ ಬೆಳಕಿನಲ್ಲಿ ವಿವೇಚಿಸಿದರು. ಅವರ ವಿಮರ್ಶೆಯಿಂದ ಹಳಗನ್ನಡದ ಈ ಪಾತ್ರ ಹೊಸ ಓದುಗರನ್ನು ಪಡೆಯಿತು. ಆದರೆ ನಾಯಕನ ದುರಂತವನ್ನು ಮೆಚ್ಚುವ ಭರದಲ್ಲಿ ಒಂದು ಪ್ರಶ್ನೆ ಹಿಂದುಳಿಯಬಾರದು.

ರಾವಣನ ಬೆದರಿಕೆಗೆ ಸೀತೆ ಮೂರ್ಛೆಹೋಗುತ್ತಾಳೆ. ಆ ಸ್ಥಿತಿಯನ್ನು ಕಂಡು ಅವನ ಮನಸ್ಸು ತಿರುಗುತ್ತದೆ, ತನ್ನ ಕೃತ್ಯಕ್ಕೆ ತಾನೇ ನೋಯುತ್ತಾನೆ. ಆದರೂ ಆಕೆಯನ್ನು ಕೂಡಲೇ ಬಿಟ್ಟುಕೊಡುವುದಿಲ್ಲ. ಈಗ ಒಪ್ಪಿಸಿದರೆ ಅಂಜಿದನೆಂದು ಲೋಕ ನಕ್ಕೀತು. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು ಆ ಬಳಿಕ ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ರಾವಣನ ಕಡೆಯಿಂದ ನೋಡಿದರೆ ಇದು ಅಭಿಮಾನ. ಸೀತೆಯ ಕಡೆಯಿಂದ ನೋಡಿದರೆ? ಅವನ ಪಶ್ಚಾತ್ತಾಪದ ಮರುದಿನವೂ ಆಕೆ ಬಂದಿಯೇ. ಯುದ್ಧದಲ್ಲಿ ಮಡಿದ ಸೈನಿಕನ ಮನೆಯವರಿಗೂ ಆ ಪಶ್ಚಾತ್ತಾಪದಿಂದ ದೊರೆತದ್ದೇನೂ ಇಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ರಾವಣನನ್ನು ಕೊಂದದ್ದು ಲಕ್ಷ್ಮಣನ ಕೈಯ ಚಕ್ರವಾದರೂ ಕೆಡಿಸಿದ್ದು ಲೋಕದ ಕಣ್ಣಿನಲ್ಲಿ ವೀರನಾಗಿಯೇ ಉಳಿಯಬೇಕೆಂಬ ಹಂಬಲ. ಮೋಹ ಅಳಿದ ಮೇಲೂ ಮಾನಕಷಾಯ ಉಳಿಯಿತು. ತಪ್ಪನ್ನು ತಿಳಿದವನು ತಿದ್ದಿಕೊಳ್ಳದೆ ಹೋದದ್ದೇ ನಿಜವಾದ ದುರಂತ.

ಪರಂಪರೆಯ ತೀರ್ಪು ಇನ್ನೂ ಸೂಕ್ಷ್ಮವಾದುದು. ಗೆದ್ದ ಲಕ್ಷ್ಮಣನೂ ಸೋತ ರಾವಣನೂ ನರಕಕ್ಕೆ ಇಳಿಯುತ್ತಾರೆ. ಅದೇ ರಾವಣನ ಜೀವ ಮುಂದೊಂದು ಭವದಲ್ಲಿ ತೀರ್ಥಂಕರನಾಗಲಿದೆ. ಕರ್ಮಕ್ಕೆ ಫಲವುಂಟು, ಜೀವಕ್ಕೆ ಶಾಶ್ವತವಾದ ಹಣೆಪಟ್ಟಿ ಇಲ್ಲ. ಅನೇಕಾಂತವೆಂದರೆ ಎಲ್ಲರೂ ಸರಿಯೆಂಬ ಹಾರಿಕೆಯ ಮಾತಲ್ಲ. ಎಲ್ಲರ ಕಡೆಯಿಂದಲೂ ನೋಡಿದ ಬಳಿಕ ತಪ್ಪನ್ನು ತಪ್ಪೆನ್ನುವ ಧೈರ್ಯ.

ಮನೆಯ ಪಾಲು, ಬಸದಿಯ ಆಡಳಿತ, ಸಮಾಜದ ಲೆಕ್ಕಪತ್ರ, ಇವುಗಳಲ್ಲಿ ಭಿನ್ನಾಭಿಪ್ರಾಯ ಬಂದಾಗ ಎದುರಾಳಿಯನ್ನು ರಾವಣನೆಂದು ಕರೆಯುವುದು ಸುಲಭ. ತಾನು ತಪ್ಪಿದ್ದೇನೆಂದು ಅರಿತೂ ‘ಈಗ ಬಿಟ್ಟುಕೊಟ್ಟರೆ ಸೋತಂತೆ’ ಎಂದು ಹಟ ಹಿಡಿದವನು, ತನ್ನೊಳಗೇ ಆ ರಾವಣ ಕುಳಿತಿರುವುದನ್ನು ಕಾಣಬೇಕು. ಪರ್ಯೂಷಣದಲ್ಲಿ ಕ್ಷಮೆ ಬೇಡುವ ನಾಲಗೆಯೊಡನೆ ಹಿಡಿದದ್ದನ್ನು ಬಿಡುವ ಕೈಯೂ ಬೇಕು. ನಾಗಚಂದ್ರನ ರಾವಣನಿಗೆ ಕಡೆಯವರೆಗೂ ಸಾಧ್ಯವಾಗದೆ ಹೋದದ್ದು ಅದೊಂದೇ.